ಪಿಚ್ಚರ್ ಇತ್ತು, ಬಸ್ಸಿರಲಿಲ್ಲ

2020ರ ಮಾರ್ಚ್ 12, ಗುರುವಾರ. ಚಿರಂಜೀವಿ ಸರ್ಜಾ ಅಭಿನಯದ ‘ಶಿವಾರ್ಜುನ’ ತೆರೆಕಂಡ ದಿನ. ಅದೇ ರಾತ್ರಿ ವಿಜಯಪುರದ ಪಕ್ಕದ ಕಲಬುರಗಿಯಿಂದ ಸುದ್ದಿ ಬಂತು. ಎರಡು ದಿನ ಮೊದಲು ತೀರಿಕೊಂಡಿದ್ದ 76 ವರ್ಷದ ಹಿರಿಯರೊಬ್ಬರಿಗೆ ಕೊರೊನಾ ಇದ್ದದ್ದು ಖಚಿತವಾಗಿತ್ತು. ದೇಶದ ಮೊದಲ ಕೋವಿಡ್ ಸಾವು ಅದು. ಮರುದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜ್ಯದ ಚಿತ್ರಮಂದಿರ, ಮಾಲ್, ಮದುವೆ, ಜಾತ್ರೆಗಳಿಗೆಲ್ಲ ಒಂದು ವಾರ ತಡೆ ಹಾಕಿದರು. ಶನಿವಾರ ಬೆಳಿಗ್ಗೆ ಟಾಕೀಜುಗಳ ಗೇಟಿಗೆ ಬೀಗ ಬಿತ್ತು. ಎರಡೇ ದಿನ ಓಡಿದ ಹೊಸ ಸಿನಿಮಾದ ಪೋಸ್ಟರುಗಳು ವಿಜಯಪುರದ ಗೋಡೆಗಳ ಮೇಲೆ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತ ಉಳಿದವು. ಜೂನ್ 7ರಂದು ಚಿರಂಜೀವಿಯೇ ಹೋಗಿಬಿಟ್ಟರು. ಅಕ್ಟೋಬರಿನಲ್ಲಿ ಟಾಕೀಜು ತೆರೆದು ‘ಶಿವಾರ್ಜುನ’ ಮತ್ತೆ ಬಂದಾಗ, ನೋಡುವವರ ಮನಸ್ಸಿನಲ್ಲಿ ಅದು ಮಾರ್ಚಿನ ಸಿನಿಮಾ ಆಗಿರಲಿಲ್ಲ.

ಒಂದು ವಾರವೆಂದದ್ದು ಏಳು ತಿಂಗಳಾಯಿತು. ಕೇಂದ್ರ ಸರ್ಕಾರದ ಸ್ಮಾರಕಗಳು ಜುಲೈ 6ರಿಂದ ತೆರೆಯಬಹುದೆಂಬ ಆದೇಶ ಬಂತು. ಸಿನಿಮಾ ಮಂದಿರಗಳಿಗೆ ಅಂಥ ಆದೇಶ ಬರಲು ಅಕ್ಟೋಬರ್ 15 ಆಗಬೇಕಾಯಿತು. 1656ರ ಹೊತ್ತಿಗೆ ಕಟ್ಟಿದ ವಿಜಯಪುರದ ಗೋಳಗುಮ್ಮಟಕ್ಕೆ ಸಿಕ್ಕ ಅವಕಾಶ ಅದೇ ಊರಿನ ಟಾಕೀಜುಗಳಾದ ಅಪ್ಸರಾಕ್ಕೂ ಡ್ರೀಮ್‌ಲ್ಯಾಂಡಿಗೂ ಸಿಗಲು ಮತ್ತೆ ಮೂರು ತಿಂಗಳು ಹಿಡಿಯಿತು.

ಕೊರೊನಾ ಕಾಲದ ಸಿನಿಮಾ ಎಂದ ಕೂಡಲೇ ‘ಒಟಿಟಿ ಬಂತು, ಟಾಕೀಜು ಸತ್ತಿತು’ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಬೆಂಗಳೂರಿನಲ್ಲಿ ಕುಳಿತವರಿಗೆ ಅದು ಸರಿಯಿರಬಹುದು. ತಿಕೋಟಾ, ಬಬಲೇಶ್ವರದ ಕಡೆ ನಿಂತು ನೋಡಿದರೆ ಕಥೆ ಅಷ್ಟು ನೇರವಾಗಿಲ್ಲ. ಇಲ್ಲಿ ಸಿನಿಮಾ ನೋಡುವುದಕ್ಕಿಂತ ಮೊದಲು ಸಿನಿಮಾಕ್ಕೆ ‘ಹೋಗುವುದು’ ಇದೆ. ಎರಡೂ ಊರು ವಿಜಯಪುರ ನಗರದಿಂದ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ಒಂದು ಅಥಣಿ ರಸ್ತೆಯಲ್ಲಿ, ಇನ್ನೊಂದು ಜಮಖಂಡಿ ಕಡೆಗೆ. 2018ರಲ್ಲಿ ಎರಡೂ ತಾಲ್ಲೂಕುಗಳಾದವು, ತಹಶೀಲ್ದಾರರು ಬಂದರು. ಆದರೂ ಹೊಸ ಸಿನಿಮಾ ಅಂದರೆ ವಿಜಯಪುರವೇ.

ಸಂತೆ, ಕೋರ್ಟು, ದವಾಖಾನೆ, ಗೊಬ್ಬರದ ಅಂಗಡಿ ಎಂದು ಬೆಳಿಗ್ಗೆ ಬಸ್ಸು ಹತ್ತಿದವರು ಕೆಲಸ ಬೇಗ ಮುಗಿದರೆ ಮ್ಯಾಟ್ನಿಗೆ ನುಗ್ಗುತ್ತಾರೆ. ಮನೆಯಲ್ಲಿ ಹೇಳಿ ಬಂದದ್ದು ಒಂದು, ಆದದ್ದು ಇನ್ನೊಂದು. ‘ಆಫೀಸಿನ್ಯಾಗ ಭಾಳ ಗರ್ದಿ ಇತ್ತು’ ಎಂಬ ಸುಳ್ಳಿಗೆ ಈ ಭಾಗದಲ್ಲಿ ಮೂರು ತಲೆಮಾರಿನ ಇತಿಹಾಸವಿದೆ. ಟಿಕೆಟಿನ ಜೊತೆ ಬಸ್ ಚಾರ್ಜು, ಇಂಟರ್ವಲ್‌ನಲ್ಲಿ ಚುರುಮುರಿ ಸೂಸಲ, ಮಿರ್ಚಿ, ಕಡೆಗೆ ಕೊನೆಯ ಬಸ್ಸು ತಪ್ಪದಂತೆ ಕ್ಲೈಮ್ಯಾಕ್ಸಿನ ಹತ್ತು ನಿಮಿಷ ಬಿಟ್ಟು ಓಡುವುದು, ಇಷ್ಟೂ ಸೇರಿದರೆ ಒಂದು ಪಿಚ್ಚರ್. ಮಹಾಮಾರಿ ಮೊದಲು ಕಿತ್ತುಕೊಂಡದ್ದು ಈ ಪ್ರಯಾಣವನ್ನು. ಪರದೆಯ ಸರದಿ ಆಮೇಲಿನದು.

ಮಾರ್ಚ್ ಕೊನೆಯ ವಾರ ದೇಶವೇ ಸ್ತಬ್ಧವಾಯಿತು. ತಿಕೋಟಾ ಭಾಗ ಮಾತ್ರ ಪೂರ್ತಿ ಸ್ತಬ್ಧವಾಗುವಂತಿರಲಿಲ್ಲ. ಅದು ಮಣೂಕದ, ಅಂದರೆ ಒಣದ್ರಾಕ್ಷಿಯ, ಸುಗ್ಗಿ. ಕೊಯ್ದ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ನೆರಳು ಪರದೆ ಕಟ್ಟಿದ ಶೆಡ್ಡಿನ ಜಾಲರಿ ಅಟ್ಟಗಳ ಮೇಲೆ ಹರವಿ, ಎರಡು ವಾರದಷ್ಟು ಕಾಯಬೇಕು. ಹಣ್ಣಾಗಿ ಮಾರಬೇಕೆಂದಿದ್ದ ದ್ರಾಕ್ಷಿಗೆ ಕೊಳ್ಳುವವರು, ಲಾರಿ ಎರಡೂ ಇಲ್ಲವಾದಾಗ ಅದೂ ಒಣಗಲು ಶೆಡ್ಡಿಗೇ ಬಂತು. ಮಾರಲು ಸಾಂಗ್ಲಿ, ತಾಸಗಾಂವ್ ಪೇಟೆಗೆ ಹೋಗುವ ದಾರಿ ಮುಚ್ಚಿತ್ತು. ಶೆಡ್ಡಿನಲ್ಲಿ ಮಾತ್ರ ಮಂದಿ ಬೇಕೇ ಬೇಕು. ಅಕಾಲಿಕ ಮೋಡ ಕಂಡರೆ ತಾಡಪಾಲು ಎಳೆಯಬೇಕು. ಕಾಯುವ ಕೆಲಸಕ್ಕೆ ಮೊಬೈಲಿಗಿಂತ ಒಳ್ಳೆಯ ಜೊತೆಗಾರನಿಲ್ಲ. ಅಟ್ಟದ ತಂತಿಗೆ ಫೋನು ಒರಗಿಸಿ ಕೆಳಗೆ ನಾಲ್ಕು ಮಂದಿ ಕುಳಿತರೆ ಅದೇ ಟಾಕೀಜು. ಬಾಲ್ಕನಿ, ಗಾಂಧಿ ಕ್ಲಾಸು ಎಂಬ ಭೇದವಿಲ್ಲ. ಫೋನು ಯಾರದೋ ಅವರಿಗೆ ಮುಂದಿನ ಸೀಟು.

ಆದರೆ ಫೋನಿನ ಸಿನಿಮಾಕ್ಕೂ ಒಂದು ಲೆಕ್ಕವಿತ್ತು. ಲಾಕ್‌ಡೌನ್ ಶುರುವಾಗುವ ಹೊತ್ತಿಗೆ ಜಾಲದ ಮೇಲಿನ ಒತ್ತಡ ತಗ್ಗಿಸಲು ನೆಟ್‌ಫ್ಲಿಕ್ಸ್, ಅಮೆಜಾನ್, ಯೂಟ್ಯೂಬ್‌ನಂಥ ಕಂಪನಿಗಳು ಮೊಬೈಲ್ ಡೇಟಾದ ಮೇಲೆ ಎಚ್‌ಡಿ ಕೊಡುವುದನ್ನು ಏಪ್ರಿಲ್ 14ರವರೆಗೆ ನಿಲ್ಲಿಸಿ, 480ಪಿ ಗುಣಮಟ್ಟಕ್ಕೆ ಇಳಿಯಲು ಒಪ್ಪಿಕೊಂಡಿದ್ದವು. ಸಾಧಾರಣ ಗುಣಮಟ್ಟದ ವಿಡಿಯೊ ಗಂಟೆಗೆ ಒಂದು ಜಿಬಿವರೆಗೂ ತಿನ್ನುತ್ತದೆ. ಆಗ ಹೆಚ್ಚು ಜನರ ಪ್ಯಾಕು ದಿನಕ್ಕೆ ಒಂದೂವರೆ ಜಿಬಿ. ಎರಡೂವರೆ ಗಂಟೆಯ ಕನ್ನಡ ಸಿನಿಮಾ ಇಂಟರ್ವಲ್ ದಾಟಿ, ನಾಯಕ ಸೇಡಿಗೆ ಎದ್ದು ನಿಂತ ಹೊತ್ತಿಗೆ ಡೇಟಾ ಖಾಲಿ. ಉಳಿದದ್ದು ರಾತ್ರಿ ಹನ್ನೆರಡು ದಾಟಿದ ಮೇಲೆ, ನಾಳೆಯ ಡೇಟಾದಲ್ಲಿ. ಊರಿನ ಹುಡುಗರು ಒಂದು ಪಿಚ್ಚರನ್ನು ಮೂರು ಫೋನಿನ ಹಾಟ್‌ಸ್ಪಾಟಿನಲ್ಲಿ ಮುಗಿಸುವ ಕಲೆ ಕಲಿತದ್ದು ಆಗ. ಟೆಲಿಗ್ರಾಂ ಗುಂಪುಗಳಿಂದ ಕಳ್ಳಪ್ರತಿ ಇಳಿಸಿ ಮೆಮೊರಿ ಕಾರ್ಡಿನಲ್ಲಿ ಹಂಚಿಕೊಳ್ಳುವ ಹಳೆಯ ಚಾಳಿಯೂ ಬೆಳೆಯಿತು. ಅದನ್ನು ಸಮರ್ಥಿಸಲಾರೆ, ಮುಚ್ಚಿಡುವುದೂ ಸರಿಯಲ್ಲ.

ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಹೈಸ್ಕೂಲು ಮಕ್ಕಳಿಗೆ ‘ಸೇತುಬಂಧ’ ಪಾಠ ಶುರುವಾದ ಮೇಲೆ ಟಿವಿಯ ಮೇಲಿನ ಹಕ್ಕೂ ಹಂಚಿಹೋಯಿತು. ಮನೆಗೊಂದೇ ಒಳ್ಳೆಯ ಫೋನು. ಹಗಲು ಅದು ಮಗಳ ಶಾಲೆ, ಸಂಜೆ ಅಪ್ಪನ ಮಾರುಕಟ್ಟೆ ದರ, ರಾತ್ರಿ ಅಣ್ಣನ ಸಿನಿಮಾ. ಅವ್ವನ ಪಾಳಿ ಯಾವಾಗ ಎಂದು ಯಾರೂ ಕೇಳಲಿಲ್ಲ. ಅವಳ ಪಾಲಿಗೆ ಟಿವಿಯ ಧಾರಾವಾಹಿ ಇತ್ತು. ಚಿತ್ರೀಕರಣ ನಿಂತು ಅದೂ ಮೇ ತಿಂಗಳಲ್ಲಿ ಡಬ್ಬಿಂಗ್ ‘ಮಹಾಭಾರತ’ವಾಗಿ ಬದಲಾಯಿತು. ಡಬ್ಬಿಂಗ್ ಬೇಡವೆಂದು ದಶಕಗಳ ಕಾಲ ಬೀದಿಗಿಳಿದಿದ್ದ ನಾಡು, ಬೇರೆ ದಾರಿಯಿಲ್ಲದ ಆ ಬೇಸಿಗೆಯಲ್ಲಿ ಕನ್ನಡ ಮಾತನಾಡುವ ಹಿಂದಿಯ ಕೃಷ್ಣನನ್ನು ತಕರಾರಿಲ್ಲದೆ ಒಳಗೆ ಕರೆಯಿತು.

ಆ ತಿಂಗಳುಗಳಲ್ಲಿ ಲಾಭವಾದದ್ದು ಸಣ್ಣ ಸಿನಿಮಾಗಳಿಗೆ. ಡಾರ್ಲಿಂಗ್ ಕೃಷ್ಣ ಮತ್ತು ಮಿಲನಾ ನಾಗರಾಜ್ ಅವರ ‘ಲವ್ ಮಾಕ್ಟೇಲ್’ 2020ರ ಜನವರಿ 31ರಂದು, ಕೆ.ಎಸ್. ಅಶೋಕ ಅವರ ‘ದಿಯಾ’ ಫೆಬ್ರುವರಿ 7ರಂದು ತೆರೆಕಂಡಿದ್ದವು. ದೊಡ್ಡ ತಾರೆಯಿಲ್ಲದ ಇಂಥ ಚಿತ್ರಗಳು ನಮ್ಮ ಕಡೆ ಒಂದು ವಾರ ನಿಂತರೆ ಹೆಚ್ಚು. ‘ಚಲೋ ಐತಂತ’ ಎಂಬ ಮಾತು ಬೆಂಗಳೂರಿನಿಂದ ಇಲ್ಲಿಗೆ ತಲುಪುವಷ್ಟರಲ್ಲಿ ಬೇರೆ ಪೋಸ್ಟರ್ ಬಿದ್ದಿರುತ್ತದೆ. ಅಮೆಜಾನ್ ಪ್ರೈಮ್‌ನಲ್ಲಿ ಆ ಅವಸರ ಇರಲಿಲ್ಲ. ‘ದಿಯಾ’ದ ಕೊನೆಯ ದೃಶ್ಯದ ಬಗ್ಗೆ ಜಗಳವಾಡಿದವರಲ್ಲಿ ಹೆಚ್ಚಿನವರು ಅದನ್ನು ಟಾಕೀಜಿನಲ್ಲಿ ನೋಡಿದವರಲ್ಲ.

ಜುಲೈ 17ಕ್ಕೆ ‘ಲಾ’, 24ಕ್ಕೆ ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಪ್ರೈಮ್‌ಗೆ ಬಂದವು. ಟಾಕೀಜಿನ ಮೆಟ್ಟಿಲು ಹತ್ತದೆ ಹೀಗೆ ಬಿಡುಗಡೆಯಾದ ಮೊದಲ ಕನ್ನಡ ಚಿತ್ರಗಳು. ಎರಡರ ನಿರ್ಮಾಣವೂ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯದು. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ. ‘ಫ್ರೆಂಚ್ ಬಿರಿಯಾನಿ’ಯಲ್ಲಿ ದಾನಿಶ್ ಸೇಠ್ ಆಡುವ ಶಿವಾಜಿನಗರದ ಆಟೊ ಚಾಲಕನ ಉರ್ದು ಬೆಂಗಳೂರಿಗೆ ನಗು ತರಿಸುವ ಸರಕು. ಎರಡನೇ ಇಬ್ರಾಹಿಂ ಆದಿಲ್‌ಶಾಹಿ ದಖನಿಯಲ್ಲಿ ‘ಕಿತಾಬ್-ಎ-ನೌರಸ್’ ಬರೆದ ಈ ಊರಿನವರಿಗೆ ಅದರಲ್ಲಿ ನಗುವಂಥದ್ದೇನು ಎಂದು ಒಬ್ಬಿಬ್ಬರಾದರೂ ಕೇಳಿರಬೇಕು. ಇಲ್ಲಿ ಮನೆಯ ಮಾತೇ ಅದು.

ಭಾಷೆಯ ಗಡಿ ಈ ಸೀಮೆಯಲ್ಲಿ ಹಿಂದೆಯೂ ಗಟ್ಟಿಯಾಗಿರಲಿಲ್ಲ. ಕನ್ನಡ, ದಖನಿ, ಹಿಂದಿ, ಮರಾಠಿ ಎಲ್ಲವೂ ಓಡುತ್ತವೆ. 2016ರ ‘ಸೈರಾಟ್’ ಹಾಡು ಇಲ್ಲಿನ ಎಷ್ಟು ಮದುವೆಗಳಲ್ಲಿ ಕುಣಿಸಿತೋ! ಮಹಾಮಾರಿ ಆ ಪಟ್ಟಿಗೆ ಮಲಯಾಳಂ ಸೇರಿಸಿತು. 2020ರ ಸೆಪ್ಟೆಂಬರಿನಲ್ಲಿ ಬಂದ ‘ಸಿ ಯು ಸೂನ್’, ಮುಂದಿನ ಫೆಬ್ರುವರಿಯ ‘ದೃಶ್ಯಂ 2’ ನೋಡಲು ಕೆಳಗಿನ ಇಂಗ್ಲಿಷ್ ಅಕ್ಷರಗಳನ್ನು ಓಡುತ್ತ ಓದುವ ಅಭ್ಯಾಸವನ್ನು ಕಾಲೇಜು ಹುಡುಗರು ಬೆಳೆಸಿಕೊಂಡರು. ನವೆಂಬರಿನಲ್ಲಿ ತಮಿಳಿನ ‘ಸೂರರೈ ಪೋಟ್ರು’ ಕನ್ನಡ ಧ್ವನಿಯೊಂದಿಗೇ ಬಂತು. ಅದು ಏರ್ ಡೆಕ್ಕನ್ ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಬದುಕಿನಿಂದ ಪ್ರೇರಿತ. ಕನ್ನಡಿಗನೊಬ್ಬನ ಕಥೆ ತಮಿಳಾಗಿ ಮತ್ತೆ ಕನ್ನಡಕ್ಕೆ ಡಬ್ ಆಗಿ ತಿಕೋಟಾದ ಶೆಡ್ಡು ಮುಟ್ಟಿತು. ನಮ್ಮ ನಿರ್ಮಾಪಕರು ಇದನ್ನು ಓದಿ ಸ್ವಲ್ಪ ಕೆಮ್ಮಲಿ.

ಅಕ್ಟೋಬರ್ 15ರಂದು ಟಾಕೀಜುಗಳು ತೆರೆಯಬಹುದೆಂದಾಗ ಕೇಂದ್ರ ಕೊಟ್ಟ ನಿಯಮಗಳ ಪಟ್ಟಿ ಯಾವ ಊರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದೋ. ಒಂದು ಬಿಟ್ಟು ಒಂದು ಸೀಟು, ಮಾಸ್ಕು, ಇವು ಸರಿ. ಎ.ಸಿ.ಯನ್ನು 24ರಿಂದ 30 ಡಿಗ್ರಿಯೊಳಗೆ ಇಡಬೇಕಂತೆ. ಫ್ಯಾನಿನ ಕೆಳಗಿನ ಸೀಟಿಗೆ ಪೈಪೋಟಿ ನಡೆಸಿ ಬೆಳೆದವರಿಗೆ ಇದೊಂದು ಜೋಕು. ತಿನಿಸು ಪೊಟ್ಟಣ ಕಟ್ಟಿದ್ದೇ ಆಗಬೇಕು. ಅಲ್ಲಿಗೆ ಬಿಸಿ ಮಿರ್ಚಿ, ಸೂಸಲ ಹೊರಗೆ.

ಅದಕ್ಕಿಂತ ದೊಡ್ಡ ತೊಡಕು ಹಾಕಲು ಹೊಸ ಸಿನಿಮಾ ಇಲ್ಲದ್ದು. ಇದನ್ನು ತಿಳಿಯಲು ಏಕಪರದೆ ಟಾಕೀಜಿನ ವ್ಯವಹಾರ ಸ್ವಲ್ಪ ಗೊತ್ತಿರಬೇಕು. ಕರ್ನಾಟಕದ ಇಂಥ ಬಹಳಷ್ಟು ಮಂದಿರಗಳು ನಡೆದುಬಂದದ್ದು ವಾರದ ಬಾಡಿಗೆಯ ಮೇಲೆ. ವಿತರಕ ಬಾಡಿಗೆ ಕಟ್ಟುತ್ತಾನೆ, ಗಲ್ಲೆಯಲ್ಲಿ ಬಂದದ್ದು ಅವನಿಗೆ. ಜನ ತುಂಬಿದರೂ ಬರದಿದ್ದರೂ ಮಾಲೀಕನ ಬಾಡಿಗೆ ಬಾಡಿಗೆಯೇ. ಈಗ ಅರ್ಧ ಸೀಟು ಖಾಲಿ ಇಡಿ ಎಂದರೆ ಆ ನಷ್ಟ ಪೂರ್ತಿ ಬೀಳುವುದು ಸಿನಿಮಾ ತಂದವನ ತಲೆಗೆ. ಅವನು ಚಿತ್ರವನ್ನು ತಡೆಹಿಡಿದ. ಚಿತ್ರವಿಲ್ಲದೆ ಬಾಡಿಗೆ ಇಲ್ಲ. ಆದರೆ ಕರೆಂಟಿನ ಕನಿಷ್ಠ ಬಿಲ್ಲು, ಕಾವಲುಗಾರನ ಸಂಬಳ, ಪ್ರೊಜೆಕ್ಟರನ್ನು ಆಗಾಗ ಚಾಲೂ ಮಾಡಿ ನೋಡುವ ಖರ್ಚು ನಿಲ್ಲುವುದಿಲ್ಲ. ಬಾಡಿಗೆ ಬದಲು ಗಳಿಕೆಯಲ್ಲಿ ಶೇಕಡಾವಾರು ಪಾಲು ಕೊಡಿ ಎಂದು ಪ್ರದರ್ಶಕರು ದನಿಯೆತ್ತಿದರು. ನಿರ್ಮಾಪಕರು ಹಿಂಜರಿದರು. ಡಿಜಿಟಲ್ ಪ್ರದರ್ಶನಕ್ಕೆ ಯುಎಫ್‌ಒ, ಕ್ಯೂಬ್ ಕಂಪನಿಗಳಿಗೆ ಕಟ್ಟಬೇಕಾದ ಶುಲ್ಕದ ಹಳೆಯ ಜಗಳ ಬೇರೆ. ಹೀಗಾಗಿ ಅನುಮತಿ ಸಿಕ್ಕಮೇಲೂ ರಾಜ್ಯದ ಎಷ್ಟೋ ಏಕಪರದೆ ಮಂದಿರಗಳ ಬಾಗಿಲು ಹಾಕಿಯೇ ಇದ್ದವು.

ನವೆಂಬರ್ 20ರಂದು ಮಂಸೋರೆ ಅವರ ‘ಆಕ್ಟ್ 1978’ ಧೈರ್ಯ ಮಾಡಿ ಬಂತು. ಲಾಕ್‌ಡೌನ್ ನಂತರ ತೆರೆಕಂಡ ಮೊದಲ ಹೊಸ ಕನ್ನಡ ಚಿತ್ರ. ಸರ್ಕಾರಿ ಕಚೇರಿಗೆ ಅಲೆದು ಬೇಸತ್ತ ಗರ್ಭಿಣಿ ಆ ಕಚೇರಿಯನ್ನೇ ಒತ್ತೆಯಾಗಿ ಹಿಡಿಯುವ ಕಥೆ. ತಾಲ್ಲೂಕು ಕಚೇರಿಯ ಕೆಲಸದ ನೆಪ ಹೇಳಿ ಪಿಚ್ಚರಿಗೆ ಬರುವ ನಮ್ಮ ಕಡೆಯವರಿಗೆ ಇದಕ್ಕಿಂತ ಹೊಂದುವ ವಸ್ತು ಬೇಕೇ? ಆದರೆ ಭಯ ಇನ್ನೂ ಹೋಗಿರಲಿಲ್ಲ.

ಭಯ ಕರಗಿದ್ದು ತಾರೆಗಳು ಬಂದಾಗ. 2021ರ ಫೆಬ್ರುವರಿಯಲ್ಲಿ ಪೂರ್ತಿ ಸೀಟಿಗೆ ಕೇಂದ್ರ ಒಪ್ಪಿದರೂ ರಾಜ್ಯ ತಡೆಯಿತು. ಚಿತ್ರರಂಗ ಒಟ್ಟಾಗಿ ಪ್ರತಿಭಟಿಸಿದ ಮೇಲೆ ಮಣಿಯಿತು. ಫೆಬ್ರುವರಿ 19ಕ್ಕೆ ‘ಪೊಗರು’. ಶಿವರಾತ್ರಿಗೆ, ಮಾರ್ಚ್ 11ಕ್ಕೆ ‘ರಾಬರ್ಟ್’. ಅದರ ಬಿಡುಗಡೆಪೂರ್ವ ಸಮಾರಂಭ ಹುಬ್ಬಳ್ಳಿಯಲ್ಲೇ ನಡೆದಿತ್ತು. ಉತ್ತರ ಕರ್ನಾಟಕದ ಗಲ್ಲೆಯ ತೂಕ ಗಾಂಧಿನಗರದ ಚಿತ್ರೋದ್ಯಮಕ್ಕೆ ಗೊತ್ತಾಗಿತ್ತೆಂದೇ ಅದರ ಅರ್ಥ. ಊರುಗಳಿಂದ ಕ್ರೂಸರ್ ಮಾಡಿಕೊಂಡು ಬರುವ ಗುಂಪುಗಳು, ಕಟೌಟಿಗೆ ಹಾಲು, ಗರ್ದಿ, ಎಲ್ಲ ಮರಳಿತು. ಮಾಸ್ಕು ಗದ್ದಕ್ಕೆ ಇಳಿಯಿತು.

ಏಪ್ರಿಲ್ 1ರಂದು ಪುನೀತ್ ಅವರ ‘ಯುವರತ್ನ’ ಬಂತು. ಮರುದಿನವೇ ಸರ್ಕಾರ ಎಂಟು ಜಿಲ್ಲೆಗಳಲ್ಲಿ ಅರ್ಧ ಸೀಟಿನ ನಿಯಮ ತಂದಿತು. ಪುನೀತ್ ತಂಡ ದನಿಯೆತ್ತಿತು, ಏಪ್ರಿಲ್ 7ರವರೆಗೆ ವಿನಾಯಿತಿ ಸಿಕ್ಕಿತು. ಬೆಂಗಳೂರಿನ ಪತ್ರಿಕೆಗಳೆಲ್ಲ ಈ ಅರ್ಧ ಸೀಟಿನ ಸುದ್ದಿಯಲ್ಲೇ ಮುಳುಗಿದ್ದವು. ಆ ಎಂಟು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್, ಧಾರವಾಡ ಇದ್ದವು. ವಿಜಯಪುರ ಇರಲಿಲ್ಲ. ಇಲ್ಲಿ ಪೂರ್ತಿ ಸೀಟು ಮಾರಬಹುದಿತ್ತು. ಆದರೆ ಏಪ್ರಿಲ್ 7ರಂದು ಆರನೇ ವೇತನ ಆಯೋಗದ ಸಂಬಳ ಕೇಳಿ ಸಾರಿಗೆ ನೌಕರರು ರಾಜ್ಯದಾದ್ಯಂತ ಮುಷ್ಕರಕ್ಕಿಳಿದರು. ಬಸ್ಸು ಡಿಪೊ ಸೇರಿತು. ಖಾಸಗಿ ವಾಹನಗಳು ಹೇಳಿದ ದರಕ್ಕೆ ಓಡಿದವು. ಬಬಲೇಶ್ವರದವನಿಗೆ ಸೀಟು ಇತ್ತು, ಪಿಚ್ಚರ್ ಇತ್ತು, ಬಸ್ಸಿರಲಿಲ್ಲ. ಏಪ್ರಿಲ್ 9ರಂದು, ಬಿಡುಗಡೆಯಾದ ಒಂಬತ್ತನೇ ದಿನ, ‘ಯುವರತ್ನ’ ಪ್ರೈಮ್‌ಗೆ ಬಂತು. ಕೊರೊನಾ ಹೆಚ್ಚುತ್ತಿದ್ದಾಗ ನಿರ್ಮಾಪಕರು ಕೈಗೊಂಡ ಈ ನಿರ್ಧಾರವನ್ನು ನಗರದ ಅಭಿಮಾನಿಗಳಲ್ಲಿ ಹಲವರು ಟಾಕೀಜಿಗೆ ಬಗೆದ ದ್ರೋಹವೆಂದುಕೊಂಡರು. ಹಳ್ಳಿಯವರಿಗೆ ಅದು ಮನೆಬಾಗಿಲಿಗೆ ಬಂದ ಪಿಚ್ಚರ್.

ಮುಷ್ಕರ ಏಪ್ರಿಲ್ 21ಕ್ಕೆ ಮುಗಿಯಿತು. ಬಸ್ಸು ರಸ್ತೆಗಿಳಿಯುವ ಹೊತ್ತಿಗೆ ಎರಡನೇ ಅಲೆಯ ಆದೇಶ ಬಂದು ಟಾಕೀಜುಗಳು ಮುಚ್ಚಿದವು. ಆ ತಿಂಗಳುಗಳ ಬಗ್ಗೆ ಬರೆಯುವಾಗ ಸಿನಿಮಾದ ಮಾತಾಡುವುದೇ ಕಷ್ಟ. ಊರೂರಲ್ಲಿ ಸಾವು, ಆಕ್ಸಿಜನ್, ಹಾಸಿಗೆ. ಮೇ 13ಕ್ಕೆ ಸಲ್ಮಾನ್ ಖಾನರ ‘ರಾಧೆ’ 249 ರೂಪಾಯಿಗೆ ಮನೆಯಲ್ಲೇ ನೋಡುವ ಹಾಗೆ ಬಂತು. ಈದ್ ಎಂದರೆ ಸಲ್ಮಾನ್, ಸಲ್ಮಾನ್ ಎಂದರೆ ವಿಜಯಪುರದ ಅಮೀರ್ ಟಾಕೀಜಿನಂಥ ಕಡೆ ಶಿಳ್ಳೆ ಎಂದು ಬೆಳೆದ ಹುಡುಗರಿಗೆ ಎರಡನೇ ವರ್ಷವೂ ಹಬ್ಬ ಮನೆಯೊಳಗೇ ಆಯಿತು. ಜೂನಿನಲ್ಲಿ ಸಿನಿಮಾ, ಕಿರುತೆರೆ ಕಾರ್ಮಿಕರಿಗೆ ತಲಾ 3,000 ರೂಪಾಯಿಯ ಪರಿಹಾರ ಪ್ರಕಟವಾಯಿತು. ಟಾಕೀಜಿನ ಎದುರು ಸೂಸಲ ಮಾರುವವರನ್ನು ಯಾವ ಪಟ್ಟಿಯಲ್ಲಿ ಹಾಕಬೇಕೆಂದು ಯಾರೂ ಯೋಚಿಸಿದಂತಿಲ್ಲ.

ಜುಲೈ 19ರಂದು ಟಾಕೀಜುಗಳು ಮತ್ತೆ ಅರ್ಧ ಸೀಟಿನೊಂದಿಗೆ ತೆರೆದವು. ರಾತ್ರಿ ಹತ್ತರಿಂದ ಕರ್ಫ್ಯೂ ಇದ್ದುದರಿಂದ ಸೆಕೆಂಡ್ ಶೋ ಇಲ್ಲ. ಇದು ಬರೀ ಒಂದು ಆಟದ ನಷ್ಟವೆಂದು ಕಾಣಬಹುದು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಅಂಗಡಿ ಕೆಲಸದವರು, ಗ್ಯಾರೇಜ್ ಹುಡುಗರು, ಹಮಾಲರು ನೋಡುವುದು ಆ ರಾತ್ರಿ ಆಟವನ್ನೇ. ಹಗಲಿನ ಆಟ ಹಳ್ಳಿಯಿಂದ ಬಂದವರದು, ರಾತ್ರಿಯದು ನಗರದ ದುಡಿಯುವವರದು. ಕರ್ಫ್ಯೂ ನವೆಂಬರ್ ಮೊದಲ ವಾರದವರೆಗೂ ಇತ್ತು. ಅಷ್ಟರೊಳಗೆ ಪೂರ್ತಿ ಸೀಟಿಗೆ ಮತ್ತೆ ಅನುಮತಿ ಸಿಕ್ಕಿ, ಅಕ್ಟೋಬರ್ 14 ಮತ್ತು 15ರಂದು ‘ಸಲಗ’, ‘ಕೋಟಿಗೊಬ್ಬ 3’ ಬಂದು ಪೂರ್ತಿ ಸೀಟುಗಳನ್ನು ತುಂಬಿಸಿಯಾಗಿತ್ತು. ತಿಕೋಟಾದ ಆಚೆ ಬದಿಯ ಜತ್ತ ತಾಲ್ಲೂಕಿನ ಕನ್ನಡಿಗರಿಗೆ ಆ ಭಾಗ್ಯವೂ ಇರಲಿಲ್ಲ. ಮಹಾರಾಷ್ಟ್ರದ ಟಾಕೀಜುಗಳು ತೆರೆದದ್ದು ಅಕ್ಟೋಬರ್ 22ಕ್ಕೆ. ಈ ಕಡೆ ದಾಟಿ ಬರಬೇಕೆಂದರೆ ಕೊರೊನಾ ಇಲ್ಲವೆಂಬ ಚೀಟಿ ಬೇಕಾಗಿದ್ದ ಕಾಲ. ಪಿಚ್ಚರಿಗಾಗಿ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವಷ್ಟು ಅಭಿಮಾನ ಎಲ್ಲರಿಗೂ ಇರುವುದಿಲ್ಲ.

ಅಕ್ಟೋಬರ್ 29, ‘ಭಜರಂಗಿ 2’ ತೆರೆಕಂಡ ದಿನ, ಪುನೀತ್ ಹೋದರು. ಆ ದಿನದ ಆಟಗಳು ನಡುವೆಯೇ ನಿಂತವು. ಕೊರೊನಾ ಮುಚ್ಚಿಸಿದ್ದಾಗ ಆದೇಶ, ದಿನಾಂಕ, ನಿಯಮ ಇರುತ್ತಿದ್ದವು. ಅಂದು ಯಾರೂ ಆದೇಶಕ್ಕೆ ಕಾಯಲಿಲ್ಲ.

2022ರ ಮಾರ್ಚ್ 17, ಅವರ ಜನ್ಮದಿನ, ‘ಜೇಮ್ಸ್’ ಬಂತು. ಮೂರನೇ ಅಲೆಯ ನಿರ್ಬಂಧ ಫೆಬ್ರುವರಿಯಲ್ಲೇ ತೆಗೆದಿದ್ದರು. ಪುನೀತ್ ಡಬ್ಬಿಂಗ್ ಮುಗಿಸುವ ಮೊದಲೇ ತೀರಿಹೋಗಿದ್ದರಿಂದ ಪರದೆಯ ಮೇಲೆ ತಮ್ಮನಿಗೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ಎಷ್ಟೋ ಟಾಕೀಜುಗಳಲ್ಲಿ ಒಂದು ಸೀಟನ್ನು ಅವರ ಹೆಸರಿಗೆ ಖಾಲಿ ಬಿಟ್ಟರು. ಎರಡು ವರ್ಷಗಳಲ್ಲಿ ಮತ್ತೆ ಮತ್ತೆ ಅರ್ಧ ಮಂದಿರವನ್ನು ಖಾಲಿ ಇಡಿ ಎಂದು ಸರ್ಕಾರ ಹೇಳಿತ್ತು. ಈಗ ಖಾಲಿ ಇದ್ದದ್ದು ಅದೊಂದೇ. ನನಗೆ ಕುತೂಹಲದ ಸಂಗತಿಯೆಂದರೆ, ಕನ್ನಡ ಸಿನಿಮಾವನ್ನು ನೇರವಾಗಿ ಫೋನಿಗೆ ತಂದ ಮೊದಲ ನಿರ್ಮಾಪಕ, ಪೂರ್ತಿ ಸೀಟಿಗಾಗಿ ದನಿಯೆತ್ತಿದ ನಟ, ಮತ್ತು ಜನರನ್ನು ಮತ್ತೆ ಟಾಕೀಜಿಗೆ ಎಳೆದು ತಂದ ಹೆಸರು, ಮೂರೂ ಒಬ್ಬರೇ. ಒಟಿಟಿಯನ್ನೂ ಟಾಕೀಜನ್ನೂ ಶತ್ರುಗಳೆಂದು ಬರೆಯುವವರು ಇದಕ್ಕೆ ಏನು ಹೇಳುತ್ತಾರೋ.

ಆಗಿರುವ ಬದಲಾವಣೆ ಬೇರೆ ಥರದ್ದು. ಏಪ್ರಿಲ್ 14ಕ್ಕೆ ‘ಕೆಜಿಎಫ್ 2’ ಬಂದಾಗ ಕ್ರೂಸರ್ ಬಾಡಿಗೆ ಕೊಟ್ಟು ಬಂದವರೇ, ಅದಕ್ಕೆ ಐದು ತಿಂಗಳ ಹಿಂದೆ ಬಂದ ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ಕ್ಕೆ ಬಸ್ ಚಾರ್ಜನ್ನೂ ಲೆಕ್ಕ ಹಾಕಿದ್ದರು. ಎರಡೂ ಚಲೋ ಪಿಚ್ಚರ್ ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ. ‘ಕೆಜಿಎಫ್’ಗೆ ಹೋಗಬೇಕು, ‘ಗರುಡ ಗಮನ’ ತಾನೇ ಬರುತ್ತದೆ, ಅಷ್ಟೆ. ನವೆಂಬರ್ 19ಕ್ಕೆ ತೆರೆಕಂಡ ಅದು ಜನವರಿಯಲ್ಲಿ ಫೋನಿಗೆ ಬಂದೇ ಬಂತು. ಮಂಗಳಾದೇವಿಯ ಆ ರೌಡಿಯ ಕುಣಿತವನ್ನು ದೊಡ್ಡ ಪರದೆಯ ಮೇಲೆ, ದೊಡ್ಡ ಸದ್ದಿನೊಂದಿಗೆ ನೋಡಬೇಕಿತ್ತೆಂದು ಹೇಳಿದರೆ ಹುಡುಗರು ಒಪ್ಪುತ್ತಾರೆ. ಒಪ್ಪಿ, ‘ಖರೇ ಅಣ್ಣಾ, ಆದ್ರ ಎರಡ್ ತಿಂಗಳು ತಡದ್ರ ಬರತೈತಲ್ಲ’ ಎನ್ನುತ್ತಾರೆ. ಆ ಎರಡು ತಿಂಗಳನ್ನು ಕಾಯಲು ಅವರು ಕಲಿತದ್ದು 2020ರಲ್ಲಿ, ಹನ್ನೆರಡು ಗಂಟೆ ದಾಟಿ ಹೊಸ ಡೇಟಾ ಬರಲಿ ಎಂದು ಕುಳಿತಾಗ. ವಿಜಯಪುರದ ಪ್ರದರ್ಶಕರು ಎದುರಿಸಬೇಕಾದದ್ದು ಈ ತಾಳ್ಮೆಯನ್ನು.